ಮೊದಲು ಯಾರಾಗಿದ್ದರು?



ಈ ಉಪನ್ಯಾಸದ ದತ್ತಿಪತ್ರದಲ್ಲಿ ವಿಷಯವನ್ನು 'ಧರ್ಮ ಮತ್ತು ಸಮಾಜ' ಎಂದಷ್ಟೇ ಬರೆದಿದ್ದಾರೆ. ಅಂಗಳ ದೊಡ್ಡದು, ನನಗೆ ಕೊಟ್ಟಿರುವುದು ಒಂದು ಗಂಟೆ. ಹಾಗಾಗಿ ಒಂದು ಮೂಲೆಯನ್ನು ಮಾತ್ರ ಗುಡಿಸುತ್ತೇನೆ. ಹಿರಿಯರಿಂದ ಬಂದ ತಪ್ಪು ನಂಬಿಕೆಗಳು ಕ್ರೈಸ್ತ ವಿಶ್ವಾಸದಿಂದ ಹೇಗೆ ಬಿಟ್ಟುಹೋಗುತ್ತವೆ, ಎಷ್ಟರ ಮಟ್ಟಿಗೆ ಹೋಗುತ್ತವೆ ಎಂಬುದು ಇವತ್ತಿನ ಮಾತು. ಇದನ್ನು ಆರಿಸಿಕೊಂಡಿದ್ದಕ್ಕೆ ಕಾರಣ ನಾಲ್ಕು ವರ್ಷದ ಹಿಂದೆ ನನ್ನ ಮನೆಯ ಊಟದ ಮೇಜಿನ ಬಳಿ ನಡೆದ ಒಂದು ಪ್ರಸಂಗ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಕೇಳಲಾರಿರಿ ಎಂಬ ಭಯ ಇದೆ.

ಒಂದು ವಿಷಯ ಮೊದಲೇ ಸ್ಪಷ್ಟಪಡಿಸುತ್ತೇನೆ. ಬೇರೆಯವರ ಮನೆಯ ಮೂಢನಂಬಿಕೆಗಳ ಪಟ್ಟಿ ಮಾಡಲು ನಾನು ಬಂದಿಲ್ಲ. ನಾನು ತುಳುನಾಡಿನ ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವನು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ನಮ್ಮ ಮನೆಯ ಕಸದ ಬಗ್ಗೆಯೇ ಮಾತಾಡುತ್ತೇನೆ.

ಮೊದಲಿಗೆ ಒಂದು ಪದ. ನಮ್ಮ ಸಭೆಗಳಲ್ಲಿ 'ಮಾನಸಾಂತರ' ಎಂಬ ಮಾತು ಬಳಕೆಯಲ್ಲಿದೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಇದಕ್ಕಿರುವ ಮಾತು 'ಮೆತನೋಯ', ಅಂದರೆ ಮನಸ್ಸು ಬದಲಾಗುವುದು, ತಿಳಿವಳಿಕೆಯೇ ಬೇರೆಯಾಗುವುದು. ಪಶ್ಚಾತ್ತಾಪ ಎಂದರೆ ಹಿಂದಿನದನ್ನು ನೆನೆದು ಬೇಯುವುದು. ಮಾನಸಾಂತರದಲ್ಲಿ ಆ ಬೇಗೆಯ ಜೊತೆಗೆ ದಿಕ್ಕು ಬದಲಿಸುವ ಕೆಲಸವೂ ಇದೆ. ಈ ಪದಕ್ಕೆ ಪಕ್ಕದ ಮನೆಯ ಪದವೊಂದಿದೆ, ಮತಾಂತರ. ಕಿವಿಗೆ ಎರಡೂ ಒಂದೇ ತರಹ ಕೇಳುತ್ತವೆ. ಮತಾಂತರವನ್ನು ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮುಗಿಸಬಹುದು. ದಫ್ತರದಲ್ಲಿ ತಾರೀಕು ಬರೆದು ಸಹಿ ಹಾಕಬಹುದು. ಮಾನಸಾಂತರಕ್ಕೆ ತಾರೀಕು ಹಾಕಲು ಹೋದವರೆಲ್ಲ ಸೋತಿದ್ದಾರೆ. ಅವರಲ್ಲಿ ಮೊದಲಿಗ ಯೇಸುವಿನ ಶಿಷ್ಯ ಪೇತ್ರ.

ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯವನ್ನು ಭಾನುವಾರ ಶಾಲೆಯ ಮಕ್ಕಳಿಗೆ ಚಿತ್ರ ತೋರಿಸಿ ಹೇಳುತ್ತೇವೆ. ಪೇತ್ರ ಯೊಪ್ಪದಲ್ಲಿ ಸಮುದ್ರದ ಪಕ್ಕದ ಮನೆಯೊಂದರ ಮಾಳಿಗೆ ಹತ್ತಿ ಪ್ರಾರ್ಥನೆಗೆ ನಿಂತಿದ್ದಾನೆ. ಮಧ್ಯಾಹ್ನದ ಹೊತ್ತು, ಹಸಿವು. ಕೆಳಗೆ ಅಡುಗೆ ಆಗುತ್ತಿದೆ. ಆಗ ದರ್ಶನ. ನಾಲ್ಕು ಮೂಲೆ ಹಿಡಿದು ಇಳಿಬಿಟ್ಟ ದೊಡ್ಡ ಬಟ್ಟೆಯಲ್ಲಿ ಎಲ್ಲ ಬಗೆಯ ಪ್ರಾಣಿ, ಹುಳ, ಹಕ್ಕಿ. ಕೊಯ್ದು ತಿನ್ನು ಎಂಬ ವಾಣಿ. ಇವನು ಹೊಲೆಯಾದದ್ದನ್ನು ಎಂದೂ ಬಾಯಿಗಿಟ್ಟವನಲ್ಲ, ಒಲ್ಲೆ ಅನ್ನುತ್ತಾನೆ. ಮೂರು ಸಲ ಹೀಗಾಗುತ್ತದೆ. ಅಷ್ಟರಲ್ಲಿ ಕೈಸರೈಯದಿಂದ ರೋಮನ್ ಶತಾಧಿಪತಿ ಕೊರ್ನೇಲ್ಯನ ಆಳುಗಳು ಬಾಗಿಲಿಗೆ ಬಂದು ಕೂಗುತ್ತಾರೆ. ಅವರು ಅನ್ಯಜನ, ಅಂದರೆ ಯೆಹೂದ್ಯರಲ್ಲದವರು. ಪೇತ್ರ ಅವರನ್ನು ಒಳಗೆ ಕರೆದು ಇಳಿಸಿಕೊಳ್ಳುತ್ತಾನೆ, ಮರುದಿನ ಅವರ ಜೊತೆ ಹೊರಡುತ್ತಾನೆ. ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದೆಂದು ದೇವರು ತೋರಿಸಿಕೊಟ್ಟನೆಂದು ಕೊರ್ನೇಲ್ಯನ ಮನೆಯಲ್ಲಿ ನಿಂತು ಹೇಳುತ್ತಾನೆ.

ಮಕ್ಕಳಿಗೆ ಹೇಳುವಾಗ ನಾವು ನುಂಗಿಬಿಡುವ ಒಂದು ಸಂಗತಿ ಇದೆ. ಆ ಮಾಳಿಗೆ ಯಾರದು? ಸೀಮೋನನೆಂಬ ಚರ್ಮ ಹದಮಾಡುವವನದು. ಸತ್ತ ಪ್ರಾಣಿಯ ಚರ್ಮ ಮುಟ್ಟುವ ಕಸುಬು ಅಂದಿನ ಯೆಹೂದ್ಯರಲ್ಲಿ ಕೀಳೆನಿಸಿತ್ತು. ಆ ನಾತಕ್ಕೆ ಊರಿನ ಅಂಚೇ ಗತಿ. ಅಂದರೆ ಬಟ್ಟೆ ಆಕಾಶದಿಂದ ಇಳಿಯುವ ಮೊದಲೇ ಪೇತ್ರ ಒಂದು ಮೈಲಿಗೆಯನ್ನು ದಾಟಿಯಾಗಿತ್ತು. ಹದ ಮಾಡುವವನ ಮನೆಯಲ್ಲಿ ಉಣ್ಣುತ್ತ, ಅದೇ ಮನೆಯ ಮಾಳಿಗೆಯಲ್ಲಿ ನಿಂತು, ಹೊಲೆಯಾದದ್ದನ್ನು ತಾನು ಮುಟ್ಟಿಲ್ಲವೆಂದು ದೇವರಿಗೇ ಹೇಳುತ್ತಿದ್ದಾನೆ. ಒಂದೇ ತಲೆಯಲ್ಲಿ ಬಿಟ್ಟ ನಂಬಿಕೆಯೂ ಬಿಡದ ನಂಬಿಕೆಯೂ ಅಕ್ಕಪಕ್ಕ ಕೂತು ಉಂಡೇಳುವುದು ಹೀಗೆ.

ಕತೆ ಅಲ್ಲಿಗೂ ಮುಗಿಯಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಪೌಲ ಸಿಟ್ಟಿನಿಂದ ಒಂದು ಘಟನೆ ಹೇಳುತ್ತಾನೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಕೆಲವರು ಬಂದರು. ಪೇತ್ರ ಮೆಲ್ಲನೆ ಎದ್ದು ಪಂಕ್ತಿ ಬದಲಿಸಿದ. ಅವನನ್ನು ನೋಡಿ ಬಾರ್ನಬನೂ ಎದ್ದ. ಪೌಲ ಎಲ್ಲರೆದುರು ಗದರಿಸಿದ. ದರ್ಶನ ಕಂಡ ಮನುಷ್ಯ, ಆ ದರ್ಶನದ ಮಾತನ್ನು ಸಾರಿದ ಮನುಷ್ಯ, ನಾಲ್ಕು ಜನ ಬಂಧುಗಳು ಬಂದ ಕೂಡಲೇ ಎಲೆ ಬಿಟ್ಟು ಎದ್ದ. ಕರ್ನಾಟಕದಲ್ಲಿ ಪಂಕ್ತಿಭೋಜನ ನೋಡಿದ ಯಾರಿಗೂ ಈ ಅಧ್ಯಾಯಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಪೇತ್ರನಿಗೆ ತನ್ನ ನಂಬಿಕೆ ತಪ್ಪೆಂದು ಆಗಲೇ ಮನವರಿಕೆಯಾಗಿತ್ತು. ಅವನು ಸೋತದ್ದು ನೆಂಟರ ಕಣ್ಣಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ, ರೋಗ ಮತ್ತು ಪಾಪ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುವನ್ನು ಕೇಳುತ್ತಾರೆ: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಎರಡರಲ್ಲಿ ಒಂದು ಖಂಡಿತ, ಯಾವುದೆಂದಷ್ಟೇ ಗೊತ್ತಾಗಬೇಕು ಎಂಬ ಧಾಟಿ. ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಉಗುಳಿ ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೋ ಅನ್ನುತ್ತಾನೆ. ಕಣ್ಣು ಬರುತ್ತದೆ. ಆಮೇಲೆ ವಿಚಾರಣೆ. ತಂದೆತಾಯಿ ಹೆದರಿ, ಅವನು ಪ್ರಾಯದವನು, ಅವನನ್ನೇ ಕೇಳಿ ಎಂದು ಜಾರಿಕೊಳ್ಳುತ್ತಾರೆ. ಕೊನೆಗೆ ವಾದದಲ್ಲಿ ಸೋತ ಫರಿಸಾಯರು ಅವನ ಮುಖಕ್ಕೆ ಎಸೆಯುವುದು ಹಳೆಯ ಮಾತನ್ನೇ: ನೀನು ಪಾಪದಲ್ಲೇ ಹುಟ್ಟಿದವನು. ಕಣ್ಣು ಬಂದು ನಿಂತವನ ಎದುರಿಗೂ ಆ ನಂಬಿಕೆ ಅಲುಗಲಿಲ್ಲ.

ಇಲ್ಲಿ ನಮ್ಮವರದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಯಾಜಕಕಾಂಡದ ಹದಿಮೂರು, ಹದಿನಾಲ್ಕನೆಯ ಅಧ್ಯಾಯಗಳಲ್ಲಿ 'ತ್ಸಾರಾಅತ್' ಎಂಬ ಹೀಬ್ರೂ ಪದ ಬರುತ್ತದೆ. ಅದು ಚರ್ಮಕ್ಕೂ ಬರುತ್ತದೆ, ಬಟ್ಟೆಗೂ ಬರುತ್ತದೆ, ಮನೆಯ ಗೋಡೆಗೂ ಬರುತ್ತದೆ. ಗೋಡೆಗೆ ಬರುವುದು ಯಾವ ಕುಷ್ಠ? ಬೂಸ್ಟು ಇದ್ದೀತು. ಇಂದು ನಾವು ಕುಷ್ಠ ಅನ್ನುವ ರೋಗಕ್ಕೂ ಆ ಪದಕ್ಕೂ ಪೂರ್ತಿ ಹೊಂದಿಕೆ ಇಲ್ಲವೆಂದು ವಿದ್ವಾಂಸರು ಬಹಳ ಹಿಂದೆಯೇ ಹೇಳಿದ್ದಾರೆ. ಆದರೆ ಗ್ರೀಕ್, ಲ್ಯಾಟಿನ್ ದಾರಿಯಲ್ಲಿ ಹಾದು ಕನ್ನಡಕ್ಕೆ ಬರುವ ಹೊತ್ತಿಗೆ ಅದು 'ಕುಷ್ಠ'ವೇ ಆಗಿತ್ತು. ಪಾಳೆಯದ ಹೊರಗಿರಬೇಕು, ತಾನು ಅಶುದ್ಧನೆಂದು ಕೂಗಬೇಕು ಎಂಬ ಹಳೆಯ ಕಟ್ಟಳೆಯ ಭಾರವೆಲ್ಲ ಬೆರಳು ಸವೆದ ಬಡವನ ತಲೆಗೆ ಬಿತ್ತು. ಪೂರ್ವಜನ್ಮದ ಕರ್ಮವೆಂದು ನೆರೆಹೊರೆ ಹೇಳುತ್ತಿತ್ತು. ದೇವರ ಶಿಕ್ಷೆಯೆಂದು ನಾವು ಹೇಳಿದೆವು. ರೋಗಿಗೆ ಏನು ವ್ಯತ್ಯಾಸವಾಯಿತು?

ನಾರ್ವೆಯ ಹ್ಯಾನ್ಸನ್ 1873ರಲ್ಲಿ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದರು. ಪಾಪದ ಮಾತು ಅಂದಿಗೇ ಮುಗಿಯಬೇಕಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿ, 1890ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನೂ ತೆರೆದರು. ಇವತ್ತು ಅದು ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು. ಯಾರೂ ಮುಟ್ಟದವರ ಹುಣ್ಣನ್ನು ತೊಳೆದ ಕೈ ಒಂದು ನಂಬಿಕೆಯನ್ನು ಒಡೆಯುವಷ್ಟು ನೂರು ಪ್ರಸಂಗಗಳು ಒಡೆಯಲಾರವು. ಇದು ನಮ್ಮ ಹೆಮ್ಮೆ. ಹೆಮ್ಮೆಯ ಪಕ್ಕದಲ್ಲೇ ಇನ್ನೊಂದನ್ನು ಇಡುತ್ತೇನೆ. ಕ್ರೈಸ್ತರ ವಿಚ್ಛೇದನ ಕಾಯ್ದೆ 1869ರದು. ಅದಕ್ಕೆ 2001ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಹೆಂಗಸರಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ವಿಚ್ಛೇದನದ ಕಾರಣಗಳಲ್ಲಿ ವಾಸಿಯಾಗದ ಕುಷ್ಠವೂ ಸೇರಿಕೊಂಡಿತು. ಗುಳಿಗೆ ನುಂಗಿದರೆ ಪೂರ್ತಿ ಗುಣವಾಗುವ ಕಾಲ ಬಂದು ಇಪ್ಪತ್ತು ವರ್ಷ ಆಗುತ್ತ ಬಂದಿತ್ತು. ಎಲ್ಲ ಧರ್ಮದವರ ಕಾಯ್ದೆಗಳಿಂದಲೂ ಆ ಕಾರಣವನ್ನು ಸಂಸತ್ತು ತೆಗೆದದ್ದು 2019ರಲ್ಲಿ. ಈ ಮಧ್ಯದ ಹದಿನೆಂಟು ವರ್ಷ ನಮ್ಮ ಪ್ರಸಂಗಪೀಠಗಳಿಂದ ಯೋಹಾನನ ಒಂಬತ್ತನೆಯ ಅಧ್ಯಾಯವನ್ನು ಎಷ್ಟು ಸಲ ಓದಿರಬಹುದು ಎಂದು ನಾನು ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ.

ಮೂರನೆಯದಾಗಿ ನಮ್ಮೂರಿನ ಚರಿತ್ರೆ. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷದ ಮೇಲೆ ಮೋಗ್ಲಿಂಗ್ ಬಂದರು. ಮುದ್ರಣಾಲಯ, 1843ರ 'ಮಂಗಳೂರ ಸಮಾಚಾರ', ಕಿಟ್ಟೆಲರ 1894ರ ನಿಘಂಟು, ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು, ಸಭೆಗೆ ಬಂದ ಸಾಮಾನ್ಯರು ಏನನ್ನು ಬಿಟ್ಟು ಬಂದರು ಎಂಬಲ್ಲಿಗೆ ಹೋಗೋಣ.

ತುಳುನಾಡಿನಲ್ಲಿ ಹೀಗೆ ಬಂದವರಲ್ಲಿ ಬಿಲ್ಲವರು ಹೆಚ್ಚು. ಮೂರ್ತೆದಾರಿಕೆ ಹಲವರ ಕಸುಬು. ಮಿಶನ್ನು ಕಳ್ಳಿನ ಕೆಲಸವನ್ನು ಒಪ್ಪಲಿಲ್ಲ. ಭೂತದ ಭಯ ಬಿಡು, ಜಾತಿ ಬಿಡು, ಜೊತೆಗೆ ಮರವನ್ನೂ ಬಿಡು. ಬಿಟ್ಟವನಿಗೆ ಮರುದಿನ ಗಂಜಿಗೆ ದಾರಿ? ಕುಲಕಸುಬಿಲ್ಲದೆ, ಬಂಧುಗಳಿಲ್ಲದೆ, ಒಕ್ಕಲಿನ ಗದ್ದೆಯಿಲ್ಲದೆ ನಿಂತವರಿಗಾಗಿ ನೇಯ್ಗೆಯ ಶಾಲೆ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚಿನ ಹಿಂದೆ ಈ ಒಂದು ತೊಡಕಿದೆ. ನಂಬಿಕೆಯನ್ನು ಬಿಡಿ ಎನ್ನುವವರು, ಬಿಟ್ಟವರ ಹೊಟ್ಟೆಗೆ ಹೊಣೆಯಾಗಬೇಕಾಗುತ್ತದೆ. ನಮ್ಮ ಮಿಶನರಿಗಳು ಅದನ್ನು ಕಷ್ಟಪಟ್ಟು ಕಲಿತರು.

ಆದರೆ ಹಿರಿಯರದ್ದೆಲ್ಲ ತಪ್ಪೇ ಆಗಿತ್ತೇ? ಇಲ್ಲಿ ನಮ್ಮ ಅಜ್ಜಿಯನ್ನು ಕರೆತರಬೇಕು. ಅಜ್ಜಿ ಪ್ರತಿ ಭಾನುವಾರ ದೇವಾಲಯದ ಎಡಗಡೆಯ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದವಳು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಚಿಕ್ಕಪ್ಪನನ್ನು ಎಬ್ಬಿಸಿ ಪಾಲೆ ಮರದ ಕೆತ್ತೆಗೆ ಕಳಿಸುತ್ತಿದ್ದಳು. ಕತ್ತಿ ತಾಗಿಸಕೂಡದು, ಕಲ್ಲಿನಿಂದಲೇ ಜಜ್ಜಿ ತರಬೇಕು. ಅರೆದು ಹಿಂಡಿದ ರಸಕ್ಕೆ ಓಮ, ಕಾಳುಮೆಣಸು, ಬೆಳ್ಳುಳ್ಳಿ. ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಬಿಟ್ಟಾಗ ಚೊಂಯ್ ಎಂದು ಏಳುವ ಹೊಗೆಯ ಘಾಟು ಇವತ್ತಿಗೂ ನನ್ನ ಮೂಗಿನಲ್ಲಿದೆ. ಖಾಲಿ ಹೊಟ್ಟೆಗೆ ಒಂದೊಂದು ಲೋಟ ಆ ಕಹಿ, ಆಮೇಲೆ ಮೆಂತೆ ಗಂಜಿ. ಆ ಕಾಲದ ಸಭಾಪಾಲಕರೊಬ್ಬರು ಇದು ಅನ್ಯರ ಆಚಾರವೆಂದು ಆಕ್ಷೇಪಿಸಿದರಂತೆ. ಅಜ್ಜಿ, "ಅಯ್ಯಾ, ಮರವನ್ನು ಮಾಡಿದ್ದು ಯಾರು?" ಎಂದು ಕೇಳಿ ಅವರಿಗೂ ಒಂದು ಲೋಟ ಕೊಟ್ಟಳಂತೆ. ಅವರು ಕುಡಿದರೋ ಇಲ್ಲವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಾಠಗಳಿವೆ.

ಅದೇ ಅಜ್ಜಿ ಮೂವತ್ತೈದಕ್ಕೆ ವಿಧವೆಯಾದವಳು. ಅತ್ತೆಯ ಮದುವೆಯ ದಿನ ಗಂಡುಹೆಣ್ಣು ಮನೆಯಿಂದ ಇಳಿಯುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಒಲೆಯ ಮುಂದೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ನನಗೆ ಆಗ ಏಳೆಂಟು ವರ್ಷ. ಒಲೆಯಲ್ಲಿ ಬೆಂಕಿ ಇರಲಿಲ್ಲ. ಅವಳಿಗೆ ಯಾರೂ ಹೀಗೆ ಮಾಡು ಅಂದಿರಲಿಲ್ಲ, ಯಾಕೆ ಕೂತೆ ಎಂದು ಯಾರೂ ಕೇಳಲೂ ಇಲ್ಲ. ಸಭಾಪಾಲಕರು ಜಗಲಿಯಲ್ಲೇ ಇದ್ದರು. ಕಷಾಯಕ್ಕೆ ಆಕ್ಷೇಪಿಸಿದ ನಮ್ಮ ಸಭೆಗೆ ಆ ತಣ್ಣಗಿನ ಒಲೆ ಕಾಣಲಿಲ್ಲ. ನನಗೂ ಕಂಡದ್ದು ಆಕೆ ತೀರಿಕೊಂಡ ಎಷ್ಟೋ ವರ್ಷದ ಮೇಲೆ.

ಬಿಡಬೇಕಾದದ್ದು ಯಾವುದು, ಇಟ್ಟುಕೊಳ್ಳಬೇಕಾದದ್ದು ಯಾವುದು ಎಂಬ ವಿವೇಚನೆಯಲ್ಲಿ ಕೆಲವು ಮಿಶನರಿಗಳು ತಮ್ಮ ಉಪದೇಶಕ್ಕಿಂತ ದೊಡ್ಡವರಾಗಿ ನಡೆದುಕೊಂಡರು. ಭೂತಾರಾಧನೆ ತಪ್ಪೆಂದು ಸಾರಲು ಬಂದ ಮ್ಯಾನರ್ ಆ ಭೂತಗಳ ಕತೆ ಹಾಡುವ ತುಳು ಪಾಡ್ದನಗಳನ್ನು 1886ರಲ್ಲಿ ಅಚ್ಚು ಹಾಕಿಸಿದರು. ಓಡಿಸಲು ಬಂದವರೇ ಉಳಿಸಿಕೊಟ್ಟರು. ನಮ್ಮವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿ ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಪಾದ್ರಿಯ ನಿಲುವಂಗಿ ಅದಕ್ಕೆ ಅಡ್ಡ ಬರಲಿಲ್ಲ.

ಈಗ ಜಾತಿಯ ಮಾತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತ್ತು. ಬಾಸೆಲಿಗೆ ಹೋಗಿ ಓದಿ ಬಂದು ಅವರೇ ಮಿಶನರಿಯಾದರು. ಮುಂದೆ ಕೊಡಗಿನಲ್ಲಿ, ತಲೆಮಾರುಗಳಿಂದ ಗದ್ದೆಯೊಡೆಯರ ಆಳುಗಳಾಗಿದ್ದ ಹೊಲೆಯರು ಮೋಗ್ಲಿಂಗರ ಬಳಿಗೆ ಬಂದು ನೆಲೆಸಿದ ಊರಿಗೆ ಈ ಕೌಂಡಿನ್ಯರ ಹೆಸರೇ ಬಂತು, ಆನಂದಪುರ. ಬ್ರಾಹ್ಮಣನ ಹೆಸರಿನ ಊರಿನಲ್ಲಿ ಹೊಲೆಯರು ಮನೆ ಕಟ್ಟಿಕೊಂಡು ಒಂದೇ ಬಟ್ಟಲಿನಿಂದ ಕರ್ತರ ಭೋಜನ ತೆಗೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎಂಬುದನ್ನು ಮರೆಯಬೇಡಿ.

ಹಾಗೆಂದು ಜಾತಿ ದೇವಾಲಯದ ಹೊರಗೇ ಚಪ್ಪಲಿಯ ಜೊತೆ ಉಳಿಯಲಿಲ್ಲ. ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ್, ಚಾರೊಡಿ, ಸುದಿರ್ ಎಂಬ ಎಣಿಕೆ ಗೋವೆಯಿಂದ ಹೊತ್ತು ತಂದದ್ದು, ಮದುವೆಯ ಮಾತುಕತೆಯಲ್ಲಿ ಈಗಲೂ ಮೆಲುದನಿಯಲ್ಲಿ ಕೇಳುತ್ತದೆ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಚುನಾವಣೆಯ ಹೊತ್ತಿಗೆ ಅಷ್ಟು ಮೆಲುದನಿಯೂ ಇರುವುದಿಲ್ಲ. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರಿಗೆ ಪರಿಶಿಷ್ಟರ ಸ್ಥಾನ ಕೊಡುವುದಿಲ್ಲ. ಕ್ರೈಸ್ತರಲ್ಲಿ ಜಾತಿ ಇಲ್ಲ ಎಂಬ ವಾದ ಅದರ ಬೆನ್ನಿಗಿದೆ. ಸರಕಾರದ ಕಾಗದದಲ್ಲಿ ಜಾತಿ ಕಳೆದುಕೊಂಡವನು ಪಕ್ಕದ ಬೆಂಚಿನವನ ಕಣ್ಣಿನಲ್ಲಿ ಕಳೆದುಕೊಂಡಿಲ್ಲ. ಎರಡು ಕಡೆಯ ಪೆಟ್ಟು ಅವನಿಗೆ.

ವಿಶ್ವಾಸ ಬಂದ ಮೇಲೂ ಹಳೆಯ ನಂಬಿಕೆ ಯಾಕೆ ಉಳಿಯುತ್ತದೆ? ಕಡಲಾಚೆಯ ಒಬ್ಬರ ಬದುಕನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕ 1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರ ಕಡೆಗೆ ತಿರುಗಿದ. ಅವನು ಬರೆದ ಹಾಡನ್ನು ನಾವೆಲ್ಲ ಹಾಡುತ್ತೇವೆ. ಹಾಡುವಾಗ ಮರೆಯುವುದು ಏನೆಂದರೆ, ಆ ಬಿರುಗಾಳಿಯ ನಂತರವೇ ಅವನು ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾದದ್ದು. ಮೇಲಿನ ಅಂತಸ್ತಿನಲ್ಲಿ ಪ್ರಾರ್ಥನೆ, ಕೆಳಗೆ ಸಂಕೋಲೆ. 1754ರಲ್ಲಿ ಕೆಲಸ ಬಿಟ್ಟದ್ದೂ ಆರೋಗ್ಯ ಕೆಟ್ಟದ್ದರಿಂದ. ಆ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿ, ತನ್ನ ಪಾಲನ್ನೂ ಒಪ್ಪಿಕೊಂಡು ಪುಸ್ತಿಕೆ ಬರೆದದ್ದು 1788ರಲ್ಲಿ. ನಲವತ್ತು ವರ್ಷ. ಆಗಿನ ಸಜ್ಜನರೆಲ್ಲರ ಕಣ್ಣಿಗೆ ಅದು ಮರ್ಯಾದಸ್ಥ ಉದ್ಯೋಗವಾಗಿತ್ತು. ಕಪ್ಪು ಜನ ನೋಹನ ಮಗ ಹಾಮನಿಗೆ ತಗಲಿದ ಶಾಪದಿಂದ ಗುಲಾಮರಾದವರು ಎಂಬ ಸಮರ್ಥನೆಯೂ ಅವರ ಕೈಯಲ್ಲಿತ್ತು. ಆದಿಕಾಂಡದಲ್ಲಿ ಶಾಪ ತಗಲುವುದು ಹಾಮನಿಗಲ್ಲ, ಅವನ ಮಗ ಕಾನಾನನಿಗೆ. ಮೈಬಣ್ಣದ ಮಾತು ಅಲ್ಲಿ ಎಲ್ಲೂ ಇಲ್ಲ. ಬೇಕಾದ ನಂಬಿಕೆಗೆ ಬೇಕಾದ ವಾಕ್ಯ ಓದುವ ವಿದ್ಯೆಯೂ ಹಿರಿಯರಿಂದಲೇ ಬರುತ್ತದೆ.

ಕೊನೆಯದಾಗಿ, ಊಟದ ಮೇಜಿನ ಪ್ರಸಂಗ. ನನ್ನ ಮಗ ತಾನು ಮದುವೆಯಾಗಬೇಕೆಂದಿರುವ ಹುಡುಗಿಯ ಬಗ್ಗೆ ಹೇಳಿದ. ನಮ್ಮ ಹಾಗೇ ಸಿ.ಎಸ್.ಐ.ನವರು, ಘಟ್ಟದ ಮೇಲಿನ ಸಭೆ. ಹುಡುಗಿ ಶಿಕ್ಷಕಿ, ತಂದೆ ಸಭೆಯ ಹಿರಿಯರು. ನನ್ನ ಹೆಂಡತಿ ಖುಷಿಯಿಂದ ಇನ್ನೊಂದು ಸೌಟು ಸಾರು ಬಡಿಸಿದಳು. ಆಗ ನನ್ನ ಬಾಯಿಂದ ಒಂದು ಪ್ರಶ್ನೆ ಬಂತು: "ಅವರು ಮೊದಲು ಯಾರಾಗಿದ್ದರು?"

ನಮ್ಮವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 'ಮೊದಲು' ಎಂದರೆ ಅವರ ಮುತ್ತಜ್ಜ ದೀಕ್ಷಾಸ್ನಾನ ಪಡೆಯುವುದಕ್ಕಿಂತ ಮೊದಲು. ನೂರು ನೂರೈವತ್ತು ವರ್ಷದ ಹಿಂದೆ. ನಾನು ಅಂತಿಯೋಕ್ಯದ ಪೇತ್ರನ ಮೇಲೆ ಎಷ್ಟೋ ಸಲ ಮಾತಾಡಿದವನು. ಪ್ರಶ್ನೆ ಕೇಳುವಾಗ ನನ್ನ ಕಣ್ಣ ಮುಂದಿದ್ದವರು ಮಂಗಳೂರಿನ ನನ್ನ ದಾಯಾದಿಗಳು.

ಮಗ ಸಿಟ್ಟಾಗಲಿಲ್ಲ. "ಪಪ್ಪಾ, ನಾವು ಮೊದಲು ಯಾರಾಗಿದ್ದೆವು?" ಅಂದ.

ನಮ್ಮ ತಂದೆ ಆ ಬಗ್ಗೆ ಎಂದೂ ಮಾತಾಡಿದವರಲ್ಲ. ಊರಿನ ಹೆಸರೊಂದನ್ನು ಹೇಳಿ ಸುಮ್ಮನಾಗುತ್ತಿದ್ದರು. ಮುಂದಿನ ವಾರ ನಾನೂ ಮಗನೂ ನಮ್ಮ ಮೂಲ ಸಭೆಗೆ ಹೋಗಿ ಹಳೆಯ ದೀಕ್ಷಾಸ್ನಾನದ ದಫ್ತರ ತೆಗೆಸಿದೆವು. ಹೊಲಿಗೆ ಬಿಟ್ಟ ಪುಸ್ತಕ, ಅಂಚಿಗೆ ಗೆದ್ದಲು ಹಿಡಿದು ಜರಡಿಯ ಹಾಗಾಗಿತ್ತು. ಮುತ್ತಜ್ಜನ ಹಳೆಯ ಹೆಸರು, ಹೊಸ ಹೆಸರು, ತಂದೆಯ ಹೆಸರು, ಊರು. ಅದರ ಮುಂದಿನ ಅಂಕಣ, ಜಾತಿ. ದುಂಡಗಿನ ಅಕ್ಷರದಲ್ಲಿ 'ಬಿಲ್ಲವ'. ಕಸುಬಿನ ಅಂಕಣದಲ್ಲಿ 'ಕಳ್ಳು ಇಳಿಸುವುದು' ಎಂದು ಬರೆದು ಒಂದು ಗೆರೆ ಎಳೆದು ಹೊಡೆದು, ಮೇಲೆ 'ಕೂಲಿ' ಎಂದು ತಿದ್ದಿದ್ದರು. ಜಾತಿಯ ಮೇಲೆ ಗೆರೆ ಇರಲಿಲ್ಲ.

ಪುಟ ತಿರುವುತ್ತ ಹೋದೆವು. ಮಿಶನ್ನಿನ ಕಾಂಪೌಂಡಿನಲ್ಲೇ ಹುಟ್ಟಿದ ನಮ್ಮಜ್ಜನ ಹೆಸರಿನ ಮುಂದೆಯೂ ಅದೇ ಅಂಕಣ, ಅದೇ ಪದ. ನಮ್ಮ ತಂದೆಯ ಹೆಸರಿಗೆ ಬರುವ ಹೊತ್ತಿಗೆ ದಫ್ತರ ಬೇರೆಯದು, ಅಚ್ಚಾದ ಅಂಕಣಗಳು, ಜಾತಿಯ ಜಾಗವೇ ಇಲ್ಲ. ಮಗ ಎರಡು ಪುಟಗಳ ಮೊಬೈಲ್ ಫೋಟೋ ತೆಗೆದುಕೊಂಡ. ಹೊರಗೆ ಬಂದು ಕಾರು ಹತ್ತುವಾಗ, ಹುಡುಗಿಯ ಮನೆಗೆ ಯಾವಾಗ ಹೋಗೋಣ ಎಂದು ನಾನೇ ಕೇಳಿದೆ. "ಅವರೂ ಕೇಳಬೇಕಲ್ಲ ಪಪ್ಪಾ," ಅಂದ, "ನಾವು ಯಾರಾಗಿದ್ದೆವು ಅಂತ." ಫೋಟೋ ತೆಗೆದದ್ದು ಅದಕ್ಕೇ ಎಂದು ಆಗ ತಿಳಿಯಿತು.

ಅವರು ಕೇಳಲಿಲ್ಲ. ಕೋರಿ ರೊಟ್ಟಿ ಇಷ್ಟವಾಗುತ್ತದೆಯೇ ಎಂದು ಕೇಳಿದರು.